ಹಾಳೆ ಬರೆದವರು



1937ರ ಮೇ 11ರ ರಾತ್ರಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಒಂದು ಜೋಡಾಟ ನಡೆಯಿತು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಯಾರ ಚೆಂಡೆ ಮೇಲಾಯಿತು, ಯಾರ ವೇಷ ಸೋತಿತು ಎಂದು ಜನ ಬೆಳಗಿನವರೆಗೂ ಅತ್ತಿಂದಿತ್ತ ಓಡಾಡುತ್ತ ತೀರ್ಪು ಕೊಡುತ್ತಿರುತ್ತಾರೆ. ಲೆನಾಕ್ಸ್ ಅವೆನ್ಯೂದಲ್ಲಿದ್ದ ಸವಾಯ್ ಬಾಲ್‌ರೂಮಿನಲ್ಲೂ ಹೀಗೇ ಎರಡು ವೇದಿಕೆಗಳಿದ್ದವು. 1926ರಲ್ಲಿ ಬಾಗಿಲು ತೆರೆದ ಆ ನೃತ್ಯಶಾಲೆಯಲ್ಲಿ ಒಂದು ತಂಡ ನಿಲ್ಲಿಸಿದ ಕೂಡಲೇ ಇನ್ನೊಂದು ಎತ್ತಿಕೊಳ್ಳಬೇಕು, ಕುಣಿಯುವವರ ಕಾಲಿಗೆ ಬಿಡುವು ಸಿಗಬಾರದು ಎಂಬುದು ಏರ್ಪಾಡು. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು.

ಆ ರಾತ್ರಿ ಒಂದು ವೇದಿಕೆಯಲ್ಲಿ ಮನೆಯ ಮೇಳ, ಚಿಕ್ ವೆಬ್‌ನದು. ಬಾಲ್ಯದಲ್ಲೇ ಬೆನ್ನೆಲುಬಿಗೆ ಕ್ಷಯ ತಗಲಿ ಗೂನಾಗಿದ್ದ ವೆಬ್ ಬಹಳ ಕುಳ್ಳ. ಡ್ರಮ್ಮುಗಳ ಹಿಂದೆ ಕುಳಿತರೆ ಕಾಣಿಸುವುದು ಕಷ್ಟ, ಕೇಳಿಸದೇ ಇರುವುದು ಇನ್ನೂ ಕಷ್ಟ. ಹಾಡಲು ಇಪ್ಪತ್ತರ ಹುಡುಗಿ ಎಲ್ಲಾ ಫಿಟ್ಜೆರಾಲ್ಡ್. ಎದುರು ವೇದಿಕೆಯಲ್ಲಿ ಬೆನ್ನಿ ಗುಡ್‌ಮನ್. ಕ್ಲಾರಿನೆಟ್ ವಾದಕ, ಬಿಳಿಯ, ಸ್ವಿಂಗ್ ಎಂಬ ಕುಣಿತದ ಜಾಸ್‌ನಲ್ಲಿ ಪತ್ರಿಕೆಗಳಿಂದ 'ಸ್ವಿಂಗ್ ರಾಜ' ಎಂದು ಪಟ್ಟ ಕಟ್ಟಿಸಿಕೊಂಡವನು. ಅವನ ಜೊತೆಗೆ ಡ್ರಮ್ಮಿಗೆ ಜೀನ್ ಕ್ರೂಪ, ಟ್ರಂಪೆಟ್ಟಿಗೆ ಹ್ಯಾರಿ ಜೇಮ್ಸ್. ಒಳಗೆ ಸಾವಿರಾರು ಜನ, ಒಳಗೆ ಜಾಗ ಸಿಗದೆ ಬೀದಿಯಲ್ಲಿ ಸಾವಿರಾರು ಜನ, ಅವರನ್ನು ಸಂಭಾಳಿಸಲು ಪೊಲೀಸರು. ಗೆದ್ದವನು ವೆಬ್. ಕೊನೆಗೆ ಕ್ರೂಪ ಎದ್ದು ನಿಂತು ವೆಬ್‌ಗೆ ತಲೆಬಾಗಿದ ಎಂದು ಅಲ್ಲಿದ್ದವರು ಹೇಳುತ್ತ ಬಂದಿದ್ದಾರೆ.

ಜಾಸ್ ಚರಿತ್ರೆಯ ಪುಸ್ತಕಗಳೆಲ್ಲ ಈ ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ. ನನಗೆ ಆಸಕ್ತಿ ಶುರುವಾಗುವುದು ಇಲ್ಲಿಂದ. ಎದುರುಬದುರಾಗಿದ್ದ ಆ ಎರಡೂ ತಂಡಗಳ ಕಡತಗಳಲ್ಲಿ ಒಬ್ಬನೇ ಮನುಷ್ಯ ಬರೆದ ಹಾಳೆಗಳಿದ್ದವು. ಅವನ ಹೆಸರು ಎಡ್ಗರ್ ಸ್ಯಾಂಪ್ಸನ್. ವೆಬ್‌ನ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಸ್ಯಾಂಪ್ಸನ್ ಕಟ್ಟಿದ 'ಸ್ಟಾಂಪಿನ್ ಅಟ್ ದ ಸವಾಯ್' ಆ ನೃತ್ಯಶಾಲೆಯ ಹೆಸರನ್ನೇ ಹೊತ್ತ ಕೃತಿ. ಅದನ್ನು ವೆಬ್ ಮೊದಲು ಧ್ವನಿಮುದ್ರಿಸಿದ, ಗುಡ್‌ಮನ್ ಆಮೇಲೆ ನುಡಿಸಿ ಮನೆಮಾತು ಮಾಡಿದ. ಮುದ್ರಿತ ಪ್ರತಿಯ ಮೇಲೆ ಕರ್ತೃಗಳೆಂದು ಸ್ಯಾಂಪ್ಸನ್ ಜೊತೆ ವೆಬ್‌ನ ಹೆಸರೂ ಇದೆ, ಗುಡ್‌ಮನ್ನನ ಹೆಸರೂ ಇದೆ. ಮುಂದೆ 1938ರ ಜನವರಿ 16ರಂದು ಗುಡ್‌ಮನ್ ಕಾರ್ನೆಗಿ ಹಾಲ್‌ನಲ್ಲಿ ಆ ಪ್ರಸಿದ್ಧ ಕಛೇರಿ ಕೊಟ್ಟಾಗ ಮೊದಲು ಎತ್ತಿಕೊಂಡದ್ದು 'ಡೋಂಟ್ ಬಿ ದಟ್ ವೇ'. ಅದೂ ಸ್ಯಾಂಪ್ಸನ್ನನದೇ, ವೆಬ್ 1934ರಲ್ಲೇ ಧ್ವನಿಮುದ್ರಿಸಿದ್ದದ್ದು. ಅದರ ಕರ್ತೃಗಳ ಸಾಲಿನಲ್ಲೂ ಗುಡ್‌ಮನ್ ಕುಳಿತಿದ್ದಾನೆ.

ತಂಡಗಳ ಯಜಮಾನರ ನಡುವಿನ ಪೈಪೋಟಿ ಎಂದು ನಾವು ಓದುವ ಕಥೆಗಳ ಒಳಗೆ ಕೈ ಹಾಕಿದರೆ ಬಹುಪಾಲು ಸಿಗುವುದು ಹಾಳೆ ಬರೆಯುವವರಿಗಾಗಿ ನಡೆದ ಪೈಪೋಟಿ. ಒಂದು ತಂಡದ 'ಶೈಲಿ' ಎಂದು ಜನ ಗುರುತಿಸಿದ್ದು ಒಬ್ಬ ಅರೇಂಜರ್ ಬಿಟ್ಟುಹೋದ ದಿನ ಅವನ ಜೊತೆ ಇನ್ನೊಂದು ತಂಡಕ್ಕೆ ನಡೆದುಹೋಗುತ್ತಿತ್ತು. ಇವತ್ತು ಈ ಮಾತನ್ನು ಕೆಲವು ಉದಾಹರಣೆಗಳ ಮೂಲಕ ನಿಮ್ಮ ಮುಂದಿಡುತ್ತೇನೆ. ಎಲ್ಲವೂ ಸರಿಸುಮಾರು 1930ರಿಂದ 1960ರ ನಡುವಿನವು.

ಅರೇಂಜರ್ ಮಾಡುವ ಕೆಲಸ ಏನು? ನಮ್ಮಲ್ಲಿ ಗಾಯಕ ಹಾಡಿದ್ದನ್ನು ಪಿಟೀಲು ಹಿಂಬಾಲಿಸುತ್ತದೆ, ಬರೆದುಕೊಡಬೇಕಾದ್ದಿಲ್ಲ. 1935ರ ಗುಡ್‌ಮನ್ ತಂಡದಲ್ಲಿ ಮೂರು ಟ್ರಂಪೆಟ್, ಎರಡು ಟ್ರೊಂಬೋನ್, ನಾಲ್ಕು ಸ್ಯಾಕ್ಸೊಫೋನ್, ಲಯಕ್ಕೆ ನಾಲ್ಕು ಜನ, ಮುಂದೆ ಗುಡ್‌ಮನ್. ಇಷ್ಟು ಜನ ಒಂದು ಧಾಟಿಯನ್ನು ಕೈಗೆ ಬಂದಂತೆ ನುಡಿಸಿದರೆ ಸಂತೆಯಾಗುತ್ತದೆ. ಯಾರು ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಮೆಲ್ಲಗೆ ಎಂದು ಪ್ರತಿಯೊಬ್ಬನಿಗೂ ಒಂದು ಹಾಳೆ ಬರೆದುಕೊಡಬೇಕು. ನಾಲ್ಕು ಸ್ಯಾಕ್ಸೊಫೋನುಗಳು ನಾಲ್ಕು ಬೇರೆ ಸ್ವರ ಹಿಡಿದು ಒಂದೇ ಗಂಟಲಿನಂತೆ ಸಾಗಬೇಕು. ಅವು ಕೇಳಿದ್ದಕ್ಕೆ ಹಿತ್ತಾಳೆ ವಾದ್ಯಗಳು ಉತ್ತರ ಕೊಡಬೇಕು. ನಡುವೆ ಒಬ್ಬ ವಾದಕನ ಮನೋಧರ್ಮಕ್ಕೆಂದು ಜಾಗ ಬಿಡಬೇಕು, ಬಿಟ್ಟ ಜಾಗದ ಹಿಂದೆ ಉಳಿದವರು ಏನು ಗುನುಗಬೇಕೆಂದೂ ಬರೆಯಬೇಕು. ಕಲ್ಪಿತವನ್ನೂ ಮನೋಧರ್ಮವನ್ನೂ ಹೀಗೆ ಒಂದೇ ಹಾಳೆಯಲ್ಲಿ ಹೆಣೆಯುವ ರೀತಿಯನ್ನು 1920ರ ದಶಕದಲ್ಲಿ ರೂಪಿಸಿದವರಲ್ಲಿ ಮೊದಲ ಸಾಲಿನವರು ಡಾನ್ ರೆಡ್‌ಮನ್ ಮತ್ತು ಅವನ ಯಜಮಾನ ಫ್ಲೆಚರ್ ಹೆಂಡರ್ಸನ್.

ಹೆಂಡರ್ಸನ್‌ನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 1897ರಲ್ಲಿ ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬ ಊರಿನಲ್ಲಿ ಹುಟ್ಟಿದವನು. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಗಣಿತ ಓದಿ 1920ರಲ್ಲಿ ನ್ಯೂಯಾರ್ಕಿಗೆ ಬಂದ. ಕರಿಯನಾದ ರಸಾಯನಶಾಸ್ತ್ರಜ್ಞನಿಗೆ ಅಲ್ಲಿ ಕೆಲಸ ಕೊಡುವವರು ಯಾರು? ಪಿಯಾನೊ ಗೊತ್ತಿತ್ತು, ಅದೇ ಅನ್ನಕ್ಕೆ ದಾರಿಯಾಯಿತು. ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ವರ್ಷಗಟ್ಟಲೆ ಅವನ ತಂಡ ನುಡಿಸಿತು. ಲೂಯಿ ಆರ್ಮ್‌ಸ್ಟ್ರಾಂಗ್ 1924ರಲ್ಲಿ ಅಲ್ಲಿಗೆ ಬಂದ, ಕೋಲ್‌ಮನ್ ಹಾಕಿನ್ಸ್ ಅಲ್ಲೇ ಬೆಳೆದ. 1927ರಲ್ಲಿ ರೆಡ್‌ಮನ್ ಬೇರೆ ತಂಡಕ್ಕೆ ಹೋದ ಮೇಲೆ ಹೆಂಡರ್ಸನ್ ತಾನೇ ಹಾಳೆ ಬರೆಯಲು ಕೂರಬೇಕಾಯಿತು. ಬರೆಯುತ್ತ ಬರೆಯುತ್ತ ಗುರುವನ್ನು ಮೀರಿಸಿದ ಎನ್ನಬಹುದು. ರೆಡ್‌ಮನ್ನನ ಹಾಳೆಯಲ್ಲಿ ಜಾಣ್ಮೆ ಎದ್ದು ಕಾಣುತ್ತದೆ. ಹೆಂಡರ್ಸನ್‌ನದರಲ್ಲಿ ಜಾಣ್ಮೆ ಕಾಣುವುದೇ ಇಲ್ಲ, ಕಾಲು ತಾನಾಗಿ ತಾಳ ಹಾಕುತ್ತದೆ.

ಆದರೆ ಯಜಮಾನಿಕೆ ಅವನ ಕೈಲಾಗುವ ಕೆಲಸವಾಗಿರಲಿಲ್ಲ. ಹುಡುಗರು ತಡವಾಗಿ ಬಂದರೂ ಸುಮ್ಮನಿರುವವನು. 1928ರ ಕಾರು ಅಪಘಾತದ ನಂತರ ಇನ್ನಷ್ಟು ಉದಾಸೀನನಾದ ಎಂದು ಹತ್ತಿರದವರು ಹೇಳಿದ್ದಾರೆ. 1934ರಲ್ಲಿ ಹಾಕಿನ್ಸ್ ಯುರೋಪಿಗೆ ಹೊರಟ, ತಂಡ ಒಡೆಯಿತು.

ಅದೇ 1934ರ ಡಿಸೆಂಬರಿನಲ್ಲಿ ಎನ್‌ಬಿಸಿ ರೇಡಿಯೊದಲ್ಲಿ ಶನಿವಾರ ರಾತ್ರಿಯ 'ಲೆಟ್ಸ್ ಡಾನ್ಸ್' ಶುರುವಾಯಿತು. ಬಿಸ್ಕತ್ತು ಕಂಪನಿಯ ಪ್ರಾಯೋಜನೆ, ಮೂರು ತಂಡಗಳು, ಅದರಲ್ಲಿ ಒಂದು ಗುಡ್‌ಮನ್ನನದು. ಹೊಸ ಅರೇಂಜ್‌ಮೆಂಟುಗಳಿಗೆಂದೇ ಕಾರ್ಯಕ್ರಮದಲ್ಲಿ ಹಣ ತೆಗೆದಿರಿಸಿದ್ದರು. ವಾರವಾರ ಹೊಸದು ಬೇಕು, ಗುಡ್‌ಮನ್ನನ ಬಳಿ ಸರಕಿಲ್ಲ. ಹೆಂಡರ್ಸನ್‌ನಿಂದ ಕೊಂಡುಕೊಳ್ಳಿ ಎಂದು ಸೂಚಿಸಿದವನು ಜಾನ್ ಹ್ಯಾಮಂಡ್ ಎಂಬ ಶ್ರೀಮಂತ ಸಂಗೀತಪ್ರೇಮಿ. ಒಂದು ಅರೇಂಜ್‌ಮೆಂಟಿಗೆ 37.50 ಡಾಲರ್ ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಂಡರ್ಸನ್ ತನ್ನ ತಂಡಕ್ಕೆ ಮೊದಲೇ ಮಾಡಿಟ್ಟಿದ್ದದ್ದನ್ನೂ ಕೊಟ್ಟ, ಹೊಸದನ್ನೂ ಬರೆದ. ಜೆಲ್ಲಿ ರೋಲ್ ಮಾರ್ಟನ್ ಕಟ್ಟಿದ 'ಕಿಂಗ್ ಪೋರ್ಟರ್ ಸ್ಟಾಂಪ್' ಹೀಗೆ ಕೈ ಬದಲಾಯಿಸಿತು.

ಮುಂದಿನದು ಪುರಾಣದಂತೆ ಪ್ರಚಾರದಲ್ಲಿರುವ ಕಥೆ. 1935ರ ಬೇಸಿಗೆಯಲ್ಲಿ ಗುಡ್‌ಮನ್ ತಂಡ ಪಶ್ಚಿಮಕ್ಕೆ ಹೊರಟಿತು. ದಾರಿಯುದ್ದಕ್ಕೂ ತಣ್ಣಗಿನ ಸ್ವಾಗತ. ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ಬಾಲ್‌ರೂಮಿನಲ್ಲಿ ಮೊದಲು ಸಪ್ಪೆ ಹಾಡುಗಳನ್ನೇ ನುಡಿಸಿದರು, ಸಭೆ ಅಲುಗಲಿಲ್ಲ. ಮುಳುಗುವುದಾದರೆ ನಮ್ಮದನ್ನೇ ನುಡಿಸಿ ಮುಳುಗೋಣ ಎಂದು ಹೆಂಡರ್ಸನ್‌ನ ಹಾಳೆಗಳನ್ನು ತೆಗೆದಾಗ ಹುಡುಗರು ಕುಣಿಯುವುದನ್ನೂ ಮರೆತು ವೇದಿಕೆಯ ಸುತ್ತ ಮುಗಿಬಿದ್ದರು. ಸ್ವಿಂಗ್ ಯುಗ ಆ ರಾತ್ರಿ ಹುಟ್ಟಿತೆಂದು ಬರೆಯುವ ರೂಢಿ. 'ಲೆಟ್ಸ್ ಡಾನ್ಸ್' ನ್ಯೂಯಾರ್ಕಿನಲ್ಲಿ ನಡುರಾತ್ರಿಯ ಹೊತ್ತಿಗೆ ಬರುತ್ತಿದ್ದಾಗ ಕ್ಯಾಲಿಫೋರ್ನಿಯಾದಲ್ಲಿ ಗಡಿಯಾರ ಮೂರು ಗಂಟೆ ಹಿಂದಿತ್ತು, ಅಲ್ಲಿನ ಕಾಲೇಜು ಹುಡುಗರೆಲ್ಲ ತಿಂಗಳುಗಟ್ಟಲೆ ಕಿವಿಗೊಟ್ಟಿದ್ದರು ಎಂಬ ವಿವರಣೆ ನನಗೆ ಪುರಾಣಕ್ಕಿಂತ ಹೆಚ್ಚು ಒಪ್ಪಿಗೆಯಾಗುತ್ತದೆ.

ಹಾಗಾದರೆ ಗುಡ್‌ಮನ್ ಕದ್ದನೇ? ಈ ಪ್ರಶ್ನೆ ಎದ್ದೇ ಏಳುತ್ತದೆ. ಎರಡು ಧ್ವನಿಮುದ್ರಿಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ಕೇಳಿ: 'ಕಿಂಗ್ ಪೋರ್ಟರ್ ಸ್ಟಾಂಪ್', ಮೊದಲು ಹೆಂಡರ್ಸನ್‌ನ 1932ರದು, ಆಮೇಲೆ ಗುಡ್‌ಮನ್ನನ 1935ರದು. ಮೊದಲನೆಯದರಲ್ಲಿ ಒಬ್ಬೊಬ್ಬ ವಾದಕನೂ ಸಿಂಹ, ಆದರೆ ಒಟ್ಟಿಗೆ ನುಡಿಸುವಾಗ ಅಂಚು ಒರಟು. ಎರಡನೆಯದರಲ್ಲಿ ಬನ್ನಿ ಬೆರಿಗನ್‌ನನ್ನು ಬಿಟ್ಟರೆ ಸಿಂಹಗಳಿಲ್ಲ, ಅಂಚು ಮಾತ್ರ ಕತ್ತರಿಸಿಟ್ಟಂತಿದೆ. ಗುಡ್‌ಮನ್ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಿದ್ದ. ತಪ್ಪಿದವನನ್ನು ಕನ್ನಡಕದ ಮೇಲಿಂದ ದಿಟ್ಟಿಸಿ ನೋಡುವ ಅವನ ನೋಟಕ್ಕೆ ವಾದಕರು ಒಂದು ಹೆಸರನ್ನೇ ಇಟ್ಟಿದ್ದರು. ಹೆಂಡರ್ಸನ್‌ನ ಬರಹ ಎಷ್ಟು ಚೆನ್ನಾಗಿತ್ತೆಂದು ಜಗತ್ತಿಗೆ ತಿಳಿದದ್ದು ಗುಡ್‌ಮನ್ನನ ಶಿಸ್ತಿನಿಂದ. ಹೆಂಡರ್ಸನ್ ಬರೆದದ್ದೆಂದು ಅವನು ಹೇಳಿಯೂ ಹೇಳಿದ, 1939ರಲ್ಲಿ ಅವನನ್ನೇ ಕರೆದು ತಂಡದಲ್ಲಿ ಇಟ್ಟುಕೊಂಡ. ಇದನ್ನು ಕಳ್ಳತನ ಎನ್ನಲಾರೆ. ಅನ್ಯಾಯ ಇದ್ದದ್ದು ಇನ್ನೂ ಆಳದಲ್ಲಿ.

ಆ ಆಳದ ಹೆಸರು ಕಾನೂನು ಮತ್ತು ಬಣ್ಣ. ಅಮೆರಿಕದ ವ್ಯವಸ್ಥೆಯಲ್ಲಿ ಹಾಡು ಮಾರಾಟವಾದಾಗ, ರೇಡಿಯೊದಲ್ಲಿ ಬಂದಾಗ ಹಣ ಸಿಗುವುದು ಧಾಟಿ ಕಟ್ಟಿದವನಿಗೆ, ಸಾಹಿತ್ಯ ಬರೆದವನಿಗೆ, ಪ್ರಕಾಶಕನಿಗೆ. ಅರೇಂಜರಿಗೆ ಒಂದು ಸಲದ ಕೂಲಿ, ಅಷ್ಟೇ. ಹಾಡು ಹತ್ತು ಲಕ್ಷ ಪ್ರತಿ ಹೋದರೂ ಅವನಿಗೆ ಮತ್ತೊಂದು ಕಾಸಿಲ್ಲ. ಗುಡ್‌ಮನ್ನನಂಥವರ ಹೆಸರು 'ಕರ್ತೃ'ಗಳ ಸಾಲಿಗೆ ಸೇರಿಕೊಂಡದ್ದರ ಗುಟ್ಟೂ ಇದೇ. ಇನ್ನು ದೊಡ್ಡ ಹೋಟೆಲುಗಳ ಗುತ್ತಿಗೆ, ರೇಡಿಯೊ ಪ್ರಾಯೋಜನೆ ಇವು ಕರಿಯರ ತಂಡಗಳಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಆ ಬಾಗಿಲಿನ ಒಳಗೆ ಹೆಂಡರ್ಸನ್ ಹೋಗುವಂತಿರಲಿಲ್ಲ, ಅವನ ಹಾಳೆ ಹೋಗಬಹುದಾಗಿತ್ತು. 1952ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. 1961ರಲ್ಲಿ ಕೊಲಂಬಿಯಾ ಕಂಪನಿ ಅವನ ಹಳೆಯ ಮುದ್ರಣಗಳನ್ನು ನಾಲ್ಕು ಎಲ್‌ಪಿಗಳ ಪೆಟ್ಟಿಗೆಯಾಗಿ ತಂದಾಗ ಅದಕ್ಕಿಟ್ಟ ಹೆಸರು 'ಎ ಸ್ಟಡಿ ಇನ್ ಫ್ರಸ್ಟ್ರೇಶನ್'.

ಜಗಳದ ವಿಷಯಕ್ಕೆ ಬಂದರೆ ಡಾರ್ಸಿ ಸಹೋದರರನ್ನು ಮೀರಿಸುವವರಿಲ್ಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯ ಸೀಮೆಯವರು. ಅಣ್ಣ ಜಿಮ್ಮಿ ಸ್ಯಾಕ್ಸೊಫೋನ್, ತಮ್ಮ ಟಾಮಿ ಟ್ರೊಂಬೋನ್. ಮಕ್ಕಳು ಗಣಿಗೆ ಇಳಿಯಬಾರದೆಂದು ತಂದೆಯೇ ಪಟ್ಟು ಹಿಡಿದು ಕಲಿಸಿದ ವಿದ್ಯೆ. 1935ರ ಮೇ ತಿಂಗಳಲ್ಲಿ ಗ್ಲೆನ್ ಐಲ್ಯಾಂಡ್ ಕ್ಯಾಸಿನೊದಲ್ಲಿ ನುಡಿಸುವಾಗ ಟಾಮಿ ಎತ್ತಿದ ಕಾಲ ಸರಿಯಿಲ್ಲ ಎಂದು ಜಿಮ್ಮಿ ಅಸಮಾಧಾನ ತೋರಿಸಿದ. ಟಾಮಿ ಟ್ರೊಂಬೋನನ್ನು ಎತ್ತಿಕೊಂಡು ವೇದಿಕೆ ಇಳಿದು ಹೋದ. ಆಗ ನುಡಿಯುತ್ತಿದ್ದ ಹಾಡಿನ ಹೆಸರಿನ ಅರ್ಥ 'ಇನ್ನೆಂದೂ ಇನ್ನೆಂದೂ ಎನ್ನಲಾರೆ ಮತ್ತೆ' ಎಂದೇನೋ ಆಗುತ್ತದೆ. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಆ ತಂಡಕ್ಕೆ ಹಾಳೆ ಬರೆಯುತ್ತಿದ್ದವರಲ್ಲಿ ಒಬ್ಬ ಗ್ಲೆನ್ ಮಿಲ್ಲರ್, ಆಗಿನ್ನೂ ಹೆಸರಿಲ್ಲದವನು.

ತನ್ನದೇ ತಂಡ ಕಟ್ಟಿದ ಟಾಮಿ ಡಾರ್ಸಿಗೆ ಒಳ್ಳೆಯ ಟ್ರೊಂಬೋನ್ ಇತ್ತು, ಸಿಟ್ಟಿತ್ತು, ಹಣವಿತ್ತು. 1939ರ ಹೊತ್ತಿಗೆ ಹುಡುಗರೆಲ್ಲ ಕುಣಿಯುತ್ತಿದ್ದದ್ದು ಜಿಮ್ಮಿ ಲನ್ಸ್‌ಫರ್ಡ್ ತಂಡದ ನಡೆಗೆ. ಆ ಹದವಾದ, ಎರಡು ಹೆಜ್ಜೆಯ ತೂಗಾಟವನ್ನು ಬರೆದವನು ಸೈ ಆಲಿವರ್. ಲನ್ಸ್‌ಫರ್ಡ್ ಕೊಡುವ ಸಂಬಳ ಎಷ್ಟಾದರೂ ಇರಲಿ, ಅದರ ಮೇಲೆ ವರ್ಷಕ್ಕೆ 5,000 ಡಾಲರ್ ಹೆಚ್ಚಿಗೆ ಕೊಡುತ್ತೇನೆ ಎಂದು ಡಾರ್ಸಿ ಅವನನ್ನು ಎಳೆದುಕೊಂಡ ಎಂಬುದು ಪ್ರಸಿದ್ಧ ಕಥೆ. ಆಲಿವರ್ ಬಂದ. 'ಯೆಸ್ ಇಂಡೀಡ್', 'ವೆಲ್ ಗಿಟ್ ಇಟ್', 'ಓಪಸ್ ಒನ್' ಬಂದವು. ಮೇಳದಿಂದ ಮೇಳಕ್ಕೆ ಒಳ್ಳೆಯ ಭಾಗವತರನ್ನು ಮುಂಗಡ ಕೊಟ್ಟು ಸೆಳೆಯುವುದು ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಲನ್ಸ್‌ಫರ್ಡ್ ತಂಡ ಮುಂದುವರಿಯಿತು, ಮೊದಲಿನ ಎತ್ತರ ಸಿಗಲಿಲ್ಲ. ಡಾರ್ಸಿಗೂ ಇದೇ ಪಾಠ ಆಯಿತೆನ್ನಿ. 1942ರಲ್ಲಿ ಅವನ ಗಾಯಕ ಫ್ರಾಂಕ್ ಸಿನಾಟ್ರ ತಂಡ ಬಿಟ್ಟು ಹೋಗುವಾಗ ಡಾರ್ಸಿಯ ಅರೇಂಜರ್ ಆಕ್ಸೆಲ್ ಸ್ಟೋರ್ಡಾಲ್‌ನನ್ನೂ ಹೆಚ್ಚಿನ ಸಂಬಳದ ಮೇಲೆ ಕರೆದುಕೊಂಡೇ ಹೋದ.

ಆರ್ಟಿ ಶಾ ಮತ್ತು ಗ್ಲೆನ್ ಮಿಲ್ಲರ್‌ರ ಕಥೆ ಇನ್ನೂ ಜಟಿಲ. ಶಾ ಕ್ಲಾರಿನೆಟ್ ವಾದಕ, ಗುಡ್‌ಮನ್ನನ ನೇರ ಎದುರಾಳಿ. ಓದಿಕೊಂಡವನು, ತನಗೆ ಗೊತ್ತಿರುವುದನ್ನು ಮುಚ್ಚಿಡದವನು, ಎಂಟು ಮದುವೆಯಾದವನು. ಇಬ್ಬರಲ್ಲಿ ಯಾರು ದೊಡ್ಡವರೆಂದು ಪತ್ರಿಕೆಗಳು ಓದುಗರಿಂದ ಮತ ಹಾಕಿಸುತ್ತಿದ್ದವು. 1938ರ ಜುಲೈಯಲ್ಲಿ ಶಾ ಮುದ್ರಿಸಿದ 'ಬಿಗಿನ್ ದ ಬಿಗೀನ್' ಅವನನ್ನು ಒಮ್ಮೆಲೇ ಮೇಲಕ್ಕೆ ಎತ್ತಿತು. ಪ್ಲೇಟಿನ ಇನ್ನೊಂದು ಮುಖದ ಹಾಡು ಓಡುತ್ತದೆ ಎಂದುಕೊಂಡಿದ್ದ ಕಂಪನಿಗೆ ಇದು ಅನಿರೀಕ್ಷಿತ. ಕೋಲ್ ಪೋರ್ಟರ್‌ನ ಆ ಉದ್ದನೆಯ, ಸುತ್ತಿ ಸುತ್ತಿ ಹೋಗುವ ಧಾಟಿಯನ್ನು ಕುಣಿಯುವಂತೆ ಬರೆದವನು ಜೆರ್ರಿ ಗ್ರೇ.

ಅದೇ ವರ್ಷ ಶಾನ ಕೈಗೆ ಇನ್ನೊಂದು ಹಾಳೆ ಬಂದಿತ್ತು: ಜೋ ಗಾರ್ಲೆಂಡ್ ತಂದುಕೊಟ್ಟ 'ಇನ್ ದ ಮೂಡ್'. ಅದರ ಮುಖ್ಯ ಪಲುಕು ಗಾರ್ಲೆಂಡ್‌ನ ಸ್ವಂತದ್ದೇನಲ್ಲ. ವಿಂಗಿ ಮನೋನ್ ಎಂಬ ಟ್ರಂಪೆಟ್ ವಾದಕ 1930ರಲ್ಲಿ 'ಟಾರ್ ಪೇಪರ್ ಸ್ಟಾಂಪ್' ಎಂದು ಅದನ್ನೇ ಮುದ್ರಿಸಿದ್ದ. ಮರುವರ್ಷ ಫ್ಲೆಚರ್ ಹೆಂಡರ್ಸನ್ ತಂಡಕ್ಕಾಗಿ ತಮ್ಮ ಹೊರೇಸ್ ಬರೆದ 'ಹಾಟ್ ಅಂಡ್ ಆಂಕ್ಷಸ್'ನಲ್ಲೂ ಅದೇ ಪಲುಕಿದೆ. ಬರೆದಿಡದ ಪಲುಕಿಗೆ ಒಡೆಯರಿಲ್ಲ, ಮೊದಲು ಕಾಗದದ ಮೇಲೆ ಇಳಿಸಿ ನೋಂದಾಯಿಸಿದವನೇ ಒಡೆಯ. ಶಾ ಅದನ್ನು ರೇಡಿಯೊದಲ್ಲಿ ನುಡಿಸಿದ. ಆರು ನಿಮಿಷಕ್ಕೂ ಮೀರಿದ ಅದು 78 ವೇಗದ ಪ್ಲೇಟಿನ ಮೂರು ನಿಮಿಷ ಚಿಲ್ಲರೆಯ ಮುಖಕ್ಕೆ ಹಿಡಿಯುವಂತಿರಲಿಲ್ಲ. ಅವನು ಅದನ್ನು ಮುದ್ರಿಸಲೇ ಇಲ್ಲ. ಗಾರ್ಲೆಂಡ್ ಮಿಲ್ಲರ್‌ನ ಬಳಿ ಹೋದ. ಮಿಲ್ಲರ್ ಕತ್ತರಿ ತೆಗೆದುಕೊಂಡ. ಪಲುಕುಗಳ ಗುಂಪನ್ನು ಎರಡು ಮೂರಕ್ಕೆ ಇಳಿಸಿದ, ಕೊನೆಯಲ್ಲಿ ಮುಗಿಯಿತು ಎನ್ನುವಷ್ಟು ಮೆಲ್ಲಗಾಗಿ ಮತ್ತೆ ಮತ್ತೆ ಏಳುವ ಆಟವನ್ನು ಇಟ್ಟ. 1939ರ ಆಗಸ್ಟ್ 1ರಂದು ಮುದ್ರಿಸಿದ. ಆಮೇಲಿನದು ನಿಮಗೆ ಗೊತ್ತು, ಯುದ್ಧಕಾಲದ ಸಿನಿಮಾಗಳಲ್ಲಿ ಇಂದಿಗೂ ಅದೇ ಕೇಳಿಸುತ್ತದೆ.

ಮಿಲ್ಲರ್‌ನ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಸ್ಯಾಕ್ಸೊಫೋನುಗಳ ಮೇಲೆ ಕ್ಲಾರಿನೆಟ್ಟನ್ನು ಮುಂದಾಳಾಗಿ ಕೂರಿಸಿದ ಆ ಬಣ್ಣ ಎರಡು ಸ್ವರದಲ್ಲೇ ಗುರುತು ಸಿಗುತ್ತದೆ, ಹತ್ತು ಹಾಡು ಕೇಳುವಷ್ಟರಲ್ಲಿ ಬೇಸರವನ್ನೂ ತರುತ್ತದೆ. ಆದರೆ ಯಜಮಾನನೇ ಅರೇಂಜರನಾಗಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅವನೇ ಸಾಕ್ಷಿ: ಇನ್ನೊಬ್ಬರ ಹಾಳೆಯಲ್ಲಿ ಏನನ್ನು ಬಿಡಬೇಕು ಎಂಬುದು ಅವನಿಗೆ ಗೊತ್ತಿತ್ತು.

1939ರ ನವೆಂಬರಿನಲ್ಲಿ ಆರ್ಟಿ ಶಾ ಇದ್ದಕ್ಕಿದ್ದಂತೆ ತಂಡ ಬಿಟ್ಟು ಮೆಕ್ಸಿಕೊಗೆ ಹೊರಟುಹೋದ. ಜನಪ್ರಿಯತೆಯೇ ಬೇಡವಾಗಿತ್ತು ಅವನಿಗೆ. ಕೆಲಸ ಕಳೆದುಕೊಂಡ ಜೆರ್ರಿ ಗ್ರೇಯನ್ನು ಕರೆದವನು ಮಿಲ್ಲರ್. 'ಎ ಸ್ಟ್ರಿಂಗ್ ಆಫ್ ಪರ್ಲ್ಸ್', 'ಪೆನ್ಸಿಲ್ವೇನಿಯಾ 6-5000', 1942ರ ಫೆಬ್ರವರಿಯಲ್ಲಿ ಚಿನ್ನದ ಬಣ್ಣದ ಪ್ಲೇಟಿನ ಮರ್ಯಾದೆ ಪಡೆದ 'ಚಟ್ಟನೂಗ ಚೂ ಚೂ', ಮಿಲ್ಲರ್‌ನ ಹೆಸರಿನಲ್ಲಿ ನಾವು ಗುನುಗುವ ಇವುಗಳ ಹಿಂದೆಲ್ಲ ಗ್ರೇಯ ಕೈಯಿದೆ.

ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಬಗ್ಗೆ ಬೇರೆಯೇ ಉಪನ್ಯಾಸ ಬೇಕು, ಇಲ್ಲಿ ಒಂದೇ ಮಾತು. 1941ರ ಜನವರಿಯಲ್ಲಿ ಕೃತಿಕಾರರ ಸಂಘಕ್ಕೂ ರೇಡಿಯೊ ಕೇಂದ್ರಗಳಿಗೂ ಜಗಳವಾಗಿ ಸಂಘದ ಸದಸ್ಯರ ಕೃತಿಗಳು ರೇಡಿಯೊದಿಂದ ಮಾಯವಾದವು. ಎಲಿಂಗ್ಟನ್ ಸದಸ್ಯ, ತನ್ನದೇ ಸಂಗೀತವನ್ನು ತಾನೇ ನುಡಿಸುವಂತಿಲ್ಲ. ಸದಸ್ಯನಲ್ಲದ ಸ್ಟ್ರೇಹಾರ್ನ್ ಆಗ ಕೊಟ್ಟ 'ಟೇಕ್ ದ ಎ ಟ್ರೇನ್' ಮುಂದೆ ಎಲಿಂಗ್ಟನ್ ತಂಡದ ಗುರುತಿನ ರಾಗವೇ ಆಯಿತು. ಇಬ್ಬರೂ 1963ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ದೆಹಲಿಯಲ್ಲಿ ಕೇಳಿದ ಮೈನಾ ಹಕ್ಕಿಯ ಕೂಗನ್ನು ಸ್ಟ್ರೇಹಾರ್ನ್ ಕ್ಲಾರಿನೆಟ್ಟಿಗೆ ಬರೆದ. 'ಫಾರ್ ಈಸ್ಟ್ ಸ್ವೀಟ್' ಎಂಬ ಮಾಲಿಕೆಯಲ್ಲಿ ಅದಿದೆ.

1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ಧ್ವನಿಮುದ್ರಣವನ್ನೇ ನಿಲ್ಲಿಸಿತು. ರೇಡಿಯೊದಲ್ಲೂ ಹೋಟೆಲಿನ ಹಾಡುಪೆಟ್ಟಿಗೆಯಲ್ಲೂ ಪ್ಲೇಟು ತಿರುಗಿದಷ್ಟೂ ವಾದಕರ ಕೆಲಸ ಹೋಗುತ್ತದೆ ಎಂಬುದು ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲೊನ ವಾದ. ದೊಡ್ಡ ಕಂಪನಿಗಳಾದ ಕೊಲಂಬಿಯಾ, ವಿಕ್ಟರ್ ಮಣಿದದ್ದು 1944ರ ನವೆಂಬರಿನಲ್ಲಿ. ಆ ನಡುವೆ ಗಾಯಕರಿಗೆ ನಿಷೇಧವಿರಲಿಲ್ಲ, ಅವರು ವಾದ್ಯವಿಲ್ಲದೆ ಹಾಡಿ ಮುದ್ರಿಸಿದರು. ಯುದ್ಧ ಮುಗಿಯುವಾಗ ಪ್ಲೇಟಿನ ಮೇಲೆ ದೊಡ್ಡ ಅಕ್ಷರ ಗಾಯಕನದಾಗಿತ್ತು. 1946ರ ಡಿಸೆಂಬರ್ ಒಂದರಲ್ಲೇ ಗುಡ್‌ಮನ್, ಡಾರ್ಸಿ, ವುಡಿ ಹರ್ಮನ್, ಹ್ಯಾರಿ ಜೇಮ್ಸ್ ಸೇರಿದಂತೆ ಎಂಟು ಪ್ರಮುಖ ತಂಡಗಳು ಮುಚ್ಚಿದವು. ಮೇಳಗಳು ಹೋದವು, ಹಾಳೆ ಬರೆಯುವವರು ಉಳಿದರು. ಅವರು ಸ್ಟುಡಿಯೊಗಳಿಗೆ ಬಂದರು.

ನೆಲ್ಸನ್ ರಿಡಲ್ ಅಂಥವರಲ್ಲಿ ಒಬ್ಬ. 1921ರಲ್ಲಿ ಹುಟ್ಟಿದವನು, ಟಾಮಿ ಡಾರ್ಸಿ ತಂಡದಲ್ಲಿ ಟ್ರೊಂಬೋನ್ ನುಡಿಸಿದವನು. 1950ರಲ್ಲಿ ನ್ಯಾಟ್ ಕಿಂಗ್ ಕೋಲ್ ಹಾಡಿದ 'ಮೊನಾ ಲೀಸಾ' ದೇಶವಿಡೀ ಹರಡಿತು. ಪ್ಲೇಟಿನ ಮೇಲೆ ಇದ್ದದ್ದು ಲೆಸ್ ಬ್ಯಾಕ್ಸ್‌ಟರ್‌ನ ವಾದ್ಯವೃಂದ ಎಂದು. ಬರೆದವನು ರಿಡಲ್. ಮರುವರ್ಷದ 'ಟೂ ಯಂಗ್' ಕೂಡ ಹಾಗೆಯೇ. ಸತ್ಯ ಗೊತ್ತಾದ ಮೇಲೆ ಕೋಲ್ ಅವನನ್ನೇ ನೇರವಾಗಿ ಕರೆಸಿಕೊಂಡ.

1953ರ ಏಪ್ರಿಲ್ 30ರಂದು, ಕ್ಯಾಪಿಟಲ್ ಕಂಪನಿಗೆ ಹೊಸದಾಗಿ ಬಂದಿದ್ದ ಸಿನಾಟ್ರನಿಗೆ ನಾಲ್ಕು ಹಾಡು ಮುದ್ರಿಸಬೇಕಿತ್ತು. ಸಿನಾಟ್ರನಿಗೆ ಬೇಕಾಗಿದ್ದವನು ಬಿಲ್ಲಿ ಮೇ, ಆದರೆ ಮೇ ತನ್ನ ತಂಡದ ಜೊತೆ ಪ್ರವಾಸದಲ್ಲಿದ್ದ. ಮೇಯ ಸ್ಯಾಕ್ಸೊಫೋನುಗಳು ಸ್ವರದಿಂದ ಸ್ವರಕ್ಕೆ ಸೊರ್ ಎಂದು ಜಾರುತ್ತವೆ, ಅದು ಅವನ ಮುದ್ರೆ. ರಿಡಲ್ ಎರಡು ಹಾಡುಗಳನ್ನು ಆ ಮುದ್ರೆಯಲ್ಲೇ ಬರೆದ, ಪ್ಲೇಟಿನ ಮೇಲೂ ಮೇಯ ಹೆಸರೇ ಬಂತು. ಉಳಿದೆರಡನ್ನು ತನ್ನದೇ ರೀತಿಯಲ್ಲಿ ಬರೆದ. ಅದರಲ್ಲಿ ಒಂದು 'ಐ ಹ್ಯಾವ್ ಗಾಟ್ ದ ವರ್ಲ್ಡ್ ಆನ್ ಎ ಸ್ಟ್ರಿಂಗ್'. ಆ ಒಂದು ಹಾಡಿನಿಂದ ಸಿನಾಟ್ರನಿಗೆ ಎರಡನೆಯ ಜನ್ಮ, ರಿಡಲ್‌ಗೆ ಮೊದಲನೆಯದು.

ಇಲ್ಲಿಗೆ ನಿಲ್ಲಿಸಿದರೆ ರಿಡಲ್ ನೊಂದವನು, ಕೊನೆಗೆ ಮಾನ್ಯತೆ ಪಡೆದವನು ಎಂಬ ಒಪ್ಪ ಕಥೆಯಾಗುತ್ತದೆ. ಸ್ವಲ್ಪ ಮುಂದೆ ಹೋಗಿ. 1954ರಲ್ಲಿ ಬಂದ ಸಿನಾಟ್ರನ 'ಸಾಂಗ್ಸ್ ಫಾರ್ ಯಂಗ್ ಲವರ್ಸ್' ಎಲ್‌ಪಿಯ ಯಶಸ್ಸು ರಿಡಲ್‌ನ ಖಾತೆಗೆ ಬಿತ್ತು. ಅವನು ಅಲ್ಲಿ ನಿರ್ದೇಶಿಸಿದ್ದು ನಿಜ. ಹಾಡುಗಳಲ್ಲಿ ಒಂದನ್ನು ಬಿಟ್ಟರೆ ಉಳಿದವನ್ನೆಲ್ಲ ಬರೆದಿದ್ದವನು ಜಾರ್ಜ್ ಸಿರಾವೊ. ಅವನ ಹೆಸರು ಹೊದಿಕೆಯ ಮೇಲೆ ಇರಲಿಲ್ಲ. ಬ್ಯಾಕ್ಸ್‌ಟರ್‌ನಿಂದ ತನಗಾದದ್ದು ಸಿರಾವೊಗೆ ತನ್ನಿಂದ ಆಯಿತೆಂದು ರಿಡಲ್‌ಗೆ ಅನಿಸಿತೋ ಇಲ್ಲವೋ. ವ್ಯವಸ್ಥೆಗೆ ಒಂದು ಹೆಸರು ಸಾಕಿತ್ತು, ಎರಡನೆಯದಕ್ಕೆ ಜಾಗ ಇಟ್ಟಿರಲಿಲ್ಲ. ಇದೇ ಕಾಲದಲ್ಲಿ ಜಾಕಿ ಗ್ಲೀಸನ್ ಎಂಬ ಟಿವಿ ಹಾಸ್ಯನಟನ ಹೆಸರಿನಲ್ಲಿ ಮೆಲುಸಂಗೀತದ ಎಲ್‌ಪಿಗಳು ಲಕ್ಷಗಟ್ಟಲೆ ಖರ್ಚಾದವು. ಆತನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ.

ಅಟ್ಲಾಂಟಿಕ್ ದಾಟಿದರೆ ಲಂಡನ್ನಿನಲ್ಲಿ ಮಾಂಟೊವಾನಿ. 1905ರಲ್ಲಿ ವೆನಿಸ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಪಿಟೀಲುವಾದಕ. 1951ರಲ್ಲಿ ಡೆಕ್ಕ ಕಂಪನಿಗೆ ಅವನು ಮುದ್ರಿಸಿದ 'ಶಾರ್ಮೇನ್' ಮೂಕಿ ಚಿತ್ರದ ಕಾಲದ ಹಳೆಯ ಹಾಡು. ಹೊಸದಾಗಿದ್ದದ್ದು ಪಿಟೀಲುಗಳ ನಾದ. ಒಂದು ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಿನದು ಅದರ ಮೇಲೆ ಬೀಳುತ್ತದೆ, ದೊಡ್ಡ ಇಗರ್ಜಿಯ ಕಮಾನುಗಳ ಕೆಳಗೆ ನುಡಿಸಿದಂತೆ. ಜನ ಸ್ಟುಡಿಯೊ ಯಂತ್ರದ ಮಾಯೆ ಎಂದುಕೊಂಡರು. ಯಂತ್ರವಲ್ಲ, ಹಾಳೆ. ರೊನಾಲ್ಡ್ ಬಿಂಜ್ ಎಂಬ ಅರೇಂಜರ್ ಪಿಟೀಲುಗಳನ್ನು ಪಾಲು ಮಾಡಿ, ಧಾಟಿಯ ಒಂದೊಂದು ಸ್ವರವನ್ನು ಒಂದೊಂದು ಪಾಲಿಗೆ ಹಂಚಿದ. ಮೊದಲ ಪಾಲಿನವರು ತಮ್ಮ ಸ್ವರವನ್ನು ಹಿಡಿದೇ ಇರುತ್ತಾರೆ, ಎರಡನೆಯ ಪಾಲು ಮುಂದಿನ ಸ್ವರಕ್ಕೆ ಬರುತ್ತದೆ, ಹೀಗೆ ಸರದಿ. ಒಬ್ಬೊಬ್ಬರ ಹಾಳೆ ನೋಡಿದರೆ ಅಲ್ಲಿ ಹಾಡೇ ಇಲ್ಲ, ನಡುನಡುವೆ ಬಿದ್ದ ಬಿಡಿ ಸ್ವರಗಳು ಮಾತ್ರ. ಎಲ್ಲರೂ ಕೂಡಿದಾಗ ಹಾಡೂ ಇದೆ, ಅದರ ಪ್ರತಿಧ್ವನಿಯೂ ಇದೆ. ಈ ಉಪಾಯಕ್ಕೆ ಬೇರು ಇಟಲಿಯ ಹಳೆಯ ಇಗರ್ಜಿ ಸಂಗೀತದಲ್ಲಿದೆ ಎಂದು ಬಿಂಜ್ ಹೇಳುತ್ತಿದ್ದ. ಜಗತ್ತು ಅದನ್ನು 'ಮಾಂಟೊವಾನಿ ನಾದ' ಎಂದಿತು. ಬಿಂಜ್ ಬೇಗನೆ ಅಲ್ಲಿಂದ ಹೊರಬಂದು ತನ್ನ ಹೆಸರಿನ ಕೃತಿಗಳನ್ನು ಬರೆಯತೊಡಗಿದ. 'ಎಲಿಜಬೆದನ್ ಸೆರೆನೇಡ್' ಅವನದು. ಬಿಬಿಸಿಯಲ್ಲಿ ಹಡಗುಗಳ ಹವಾಮಾನ ವರದಿಗೆ ಮುಂಚೆ ಬರುವ 'ಸೇಲಿಂಗ್ ಬೈ' ಸಹ. ಕೇಳಿದವರು ಲಕ್ಷಾಂತರ, ಅವರಲ್ಲಿ ಹೆಸರು ಬಲ್ಲವರು ಕಡಿಮೆ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಸ್ವಿಂಗ್ ಸಂಗೀತ ಬೊಂಬಾಯಿಗೆ ತಡವಾಗಿ ಬಂದದ್ದಲ್ಲ. 1935ರಲ್ಲೇ ಅಮೆರಿಕದ ಕರಿಯ ವಾದಕರು ತಾಜಮಹಲ್ ಹೋಟೆಲಿನ ನೃತ್ಯಶಾಲೆಯಲ್ಲಿ ನುಡಿಸುತ್ತಿದ್ದರು. ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಇಲ್ಲೇ ಉಳಿದು 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡ. ಅವರ ಪಕ್ಕದಲ್ಲಿ ಕುಳಿತು ಕಲಿತವರಲ್ಲಿ ಗೋವೆಯವರು ಬಹಳ. ಪೋರ್ಚುಗೀಸರ ಕಾಲದ ಇಗರ್ಜಿ ಶಾಲೆಗಳಲ್ಲಿ ಬಾಲ್ಯದಲ್ಲೇ ಪಾಶ್ಚಾತ್ಯ ಸ್ವರಲಿಪಿ ಓದಿ ಬರೆಯುವುದನ್ನು ಕಲಿತವರು. ಹೋಟೆಲುಗಳ ಬ್ಯಾಂಡುಗಳಿಗೆ ಕೆಲಸ ಕಡಿಮೆಯಾಗುತ್ತ ಬಂದಂತೆ ಅವರು ಹಿಂದಿ ಸಿನಿಮಾ ಸ್ಟುಡಿಯೊಗಳಿಗೆ ಹೋದರು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ಧಾಟಿ ಕಟ್ಟುತ್ತಿದ್ದರು, ಅವರಲ್ಲಿ ಬಹಳ ಜನಕ್ಕೆ ಪಾಶ್ಚಾತ್ಯ ಸ್ವರಲಿಪಿ ಬರೆದು ರೂಢಿಯಿರಲಿಲ್ಲ. ಐವತ್ತು ಅರವತ್ತು ವಾದಕರಿಗೆ ಹಾಳೆ ಬರೆದುಕೊಡುವವರು ಇವರೇ. ಸಿ. ರಾಮಚಂದ್ರರಿಗೆ ಚಿಕ್ ಚಾಕಲೇಟ್ ನೆರವಾದರು. 1951ರ 'ಅಲ್ಬೇಲಾ' ನೋಡಿದವರು ಅವರನ್ನು ಪರದೆಯ ಮೇಲೂ ಕಂಡಿರುತ್ತೀರಿ. ದೇಶವಿಭಜನೆಗೆ ಮುಂಚೆ ಲಾಹೋರಿನಲ್ಲಿ ಬ್ಯಾಂಡ್ ನಡೆಸುತ್ತಿದ್ದ ಸೆಬಾಸ್ಟಿಯನ್ ಡಿಸೋಜ ಶಂಕರ್-ಜೈಕಿಶನ್‌ರಿಗೆ ಬರೆದರು. ಆ ಜೋಡಿಯ ಹಾಡುಗಳಲ್ಲಿ ಪಲ್ಲವಿ ಮುಗಿದೊಡನೆ ಪಿಟೀಲುಗಳ ಅಲೆ ಏಳುತ್ತದಲ್ಲ, ಅದನ್ನು ಕೇಳಿದಾಗ ನಾವು ಹೇಳುವುದು 'ಇದು ಶಂಕರ್-ಜೈಕಿಶನ್' ಎಂದೇ. ಚಿತ್ರದ ಶೀರ್ಷಿಕೆಯಲ್ಲಿ 'ಸಹಾಯಕರು: ದತ್ತಾರಾಂ, ಸೆಬಾಸ್ಟಿಯನ್' ಎಂದು ಒಂದು ಸಾಲು ಬಂದು ಹೋಗುತ್ತದೆ, ಪ್ಲೇಟಿನ ಮೇಲೆ ಅದೂ ಇಲ್ಲ. ಇದೇ ಗೋವೆಯ ಅರೇಂಜರುಗಳಲ್ಲಿ ಒಬ್ಬರಾದ ಆಂಟನಿ ಗೊನ್ಸಾಲ್ವಿಸ್ ಅವರ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1977ರ ಸಿನಿಮಾ ಹಾಡಿನಿಂದ. ಅದು ಅವರ ಶಿಷ್ಯ ಪ್ಯಾರೇಲಾಲ್ ಸಲ್ಲಿಸಿದ ಗುರುಕಾಣಿಕೆ. ಹಾಡಿಗೆ ಕುಣಿದವರಲ್ಲಿ ಎಷ್ಟೋ ಜನರಿಗೆ ಅಂಥ ವ್ಯಕ್ತಿಯೊಬ್ಬರು ಇದ್ದಾರೆಂದೇ ತಿಳಿದಿರಲಿಲ್ಲ.

ಬೆನ್ನಿ ಗುಡ್‌ಮನ್ 1986ರಲ್ಲಿ ತೀರಿಕೊಂಡ. ಅವನ ಅರೇಂಜ್‌ಮೆಂಟುಗಳ ದೊಡ್ಡ ಸಂಗ್ರಹ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತು. ಹೆಂಡರ್ಸನ್ ಬರೆದದ್ದನ್ನು ಇವತ್ತು ವಿದ್ಯಾರ್ಥಿಗಳು ಮೇಜಿನ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಓದಬಹುದು. ಕಂಜೂಸಿ ಎಂದು ಹೆಸರಾಗಿದ್ದ ಗುಡ್‌ಮನ್ ಕಾಗದವನ್ನು ಎಸೆದಿರಲಿಲ್ಲ. ಬೊಂಬಾಯಿಯ ಸ್ಟುಡಿಯೊಗಳಲ್ಲಿ ಹಾಡು ಮುದ್ರಣವಾದ ಮೇಲೆ ಹಾಳೆಗಳಿಗೆ ಕೆಲಸವಿರಲಿಲ್ಲ, ಬಹುಪಾಲು ಉಳಿದಿಲ್ಲ. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಹಳೆಯ ವಾದಕರನ್ನು ಹುಡುಕಿಕೊಂಡು ಹೋಗಿ, ಕೂರಿಸಿ ಕೇಳಿ, 2008ರಲ್ಲಿ 'ಬಿಹೈಂಡ್ ದ ಕರ್ಟನ್' ಎಂಬ ಪುಸ್ತಕ ತಂದರು. ಯಾರು ಯಾರಿಗೆ ಬರೆದರೆಂಬುದಕ್ಕೆ ಇರುವ ಆಧಾರಗಳಲ್ಲಿ ದೊಡ್ಡದು ನುಡಿಸಿದವರ ನೆನಪೇ.

ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ಯುವಕನೊಬ್ಬ ಇಳಯರಾಜ ಆದದ್ದು ನಮಗೆಲ್ಲ ಗೊತ್ತು, ಏಕೆಂದರೆ ಆತ ಮುಂದೆ ಸ್ವತಃ ಯಜಮಾನರಾದರು. ಯಜಮಾನರಾಗದೆ ಉಳಿದವರೂ ಮದ್ರಾಸಿನ ಸ್ಟುಡಿಯೊಗಳಲ್ಲಿ ಕನ್ನಡ ಹಾಡುಗಳಿಗೆ ಪಿಟೀಲು, ಗಿಟಾರ್, ಅಕಾರ್ಡಿಯನ್ ನುಡಿಸಿದರು, ಹಾಳೆ ಬರೆದರು. ಅವರಲ್ಲಿ ಈಗ ಇರುವವರಿಗೆ ಎಂಬತ್ತರ ಮೇಲಾಗಿದೆ. ಈ ಸಭೆಯಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಯಾರಾದರೂ ಒಂದು ಧ್ವನಿಮುದ್ರಣ ಯಂತ್ರ ಹಿಡಿದು ಅವರ ಮನೆಗಳಿಗೆ ಹೋಗಿ, ಒಂದೊಂದೇ ಹಾಡು ಹಾಕಿ, ಈ ಭಾಗವನ್ನು ಬರೆದವರು ಯಾರು ಎಂದು ಕೇಳುವುದಾದರೆ, ಈ ವರ್ಷವೇ ಹೊರಡಿ.